ಹಂಪೆಯ ತೇರುಬೀದಿ: ಊರೋ, ಸಂಗ್ರಹಾಲಯವೋ?

ವಸ್ತುಸಂಗ್ರಹಾಲಯವೆಂದರೆ ಹಳೆಯ ವಸ್ತುಗಳನ್ನು ಒಂದೆಡೆ ಕೂಡಿಸಿ, ಕೆಡದಂತೆ ಕಾಪಾಡಿ, ನೋಡಬಂದವರಿಗೆ ತೋರಿಸುವ ಮನೆಯೆಂಬುದು ಸಾಮಾನ್ಯವಾದ ಅರ್ಥ. ಹಂಪೆಯ ಸಮೀಪದ ಕಮಲಾಪುರದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಸೇರಿದ ಅಂತಹ ಮನೆಯೊಂದಿದೆ. ಬ್ರಿಟಿಷರ ಆಳ್ವಿಕೆಯಲ್ಲಿ ಗಜಶಾಲೆಯೇ ಮೊದಲಾದ ಕಡೆಗಳಲ್ಲಿ ಕೂಡಿಸಿಟ್ಟಿದ್ದ ಶಿಲ್ಪಗಳು 1972ರಲ್ಲಿ ಈ ಕಟ್ಟಡವನ್ನು ಸೇರಿದವು. ಅದರೊಳಗೆ ವಿಜಯನಗರದ ಪ್ರತಿಕೃತಿಯೊಂದನ್ನೂ ರಚಿಸಿದ್ದಾರೆ. ಬೆಟ್ಟ, ಹೊಳೆ, ಗುಡಿ, ಗೋಪುರ ಎಲ್ಲವೂ ಅಲ್ಲಿ ಅಂಗೈ ಮೇಲಿನ ನೆಲ್ಲಿಕಾಯಿಯಂತೆ ಕಾಣುತ್ತವೆ. ಇಷ್ಟರವರೆಗೆ ಯಾರದೂ ತಕರಾರಿಲ್ಲ. ಸಂಗ್ರಹಾಲಯದ ಗೋಡೆ ಹೊರಕ್ಕೆ ಸರಿಯುತ್ತ ಸರಿಯುತ್ತ ಇಡೀ ಊರನ್ನೇ ತನ್ನೊಳಕ್ಕೆ ಎಳೆದುಕೊಳ್ಳತೊಡಗಿದಾಗ ತಕರಾರು ಹುಟ್ಟಿತು.

ಹಂಪೆಯ ಸ್ಮಾರಕ ಸಮೂಹವು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಕಡೆಗೆ ಕಟ್ಟುತ್ತಿದ್ದ ಸೇತುವೆಯ ನಿಮಿತ್ತ 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಇಳಿದು, 2006ರಲ್ಲಿ ಅದರಿಂದ ಪಾರಾಯಿತು. ಈ ನಡುವೆ 2002ರಲ್ಲಿ ರಾಜ್ಯ ಶಾಸನಸಭೆಯು ಹಂಪೆಯ ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರದ ಕಾಯಿದೆಯನ್ನು ಮಾಡಿತು. ರಕ್ಷಣೆಗೆ ಒಳಪಟ್ಟ ಪ್ರದೇಶ 41 ಚದರ ಕಿಲೋಮೀಟರಿಗೂ ಮಿಕ್ಕದ್ದು. ಅದರೊಳಗೆ ಗದ್ದೆಯುಂಟು, ಬಾಳೆಯ ತೋಟವುಂಟು, ವಿಜಯನಗರದ ಅರಸರು ತೆಗೆಸಿದ ಕಾಲುವೆಗಳಲ್ಲಿ ಇಂದಿಗೂ ಹರಿಯುವ ನೀರುಂಟು, ಆ ನೀರನ್ನು ನಂಬಿ ಬದುಕುವ ಜನರೂ ಉಂಟು. ಕಲ್ಲನ್ನು ಎಣಿಸಿದಂತೆ ಜನರನ್ನು ಎಣಿಸಲಿಲ್ಲವೆಂಬುದೇ ಆ ಜನರ ಮೊದಲ ಆಕ್ಷೇಪ.

ಊರಿನ ಹೆಸರನ್ನೇ ನೋಡಬಹುದು. ಹಳಗನ್ನಡದ ಪಕಾರವು ಮುಂದೆ ಹಕಾರವಾದುದನ್ನು ವ್ಯಾಕರಣ ಓದುವ ಮಕ್ಕಳು ಬಲ್ಲರು: ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಹಾಗೆಯೇ ಪಂಪೆ ಹಂಪೆಯಾಯಿತು. ಈ ಮಾರ್ಪಾಡನ್ನು ಯಾವ ಅರಸನೂ ಶಾಸನ ಬರೆಸಿ ಮಾಡಿಸಲಿಲ್ಲ. ಆಡುವವರ ನಾಲಗೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಅದು ತಾನಾಗಿ ಆಯಿತು. ಬಿಡದೆ ಆಡುವ ಜನವಿದ್ದುದರಿಂದಲೇ ಆಯಿತು. ವಿಜಯನಗರ ಸ್ಥಾಪನೆಯಾಗುವುದಕ್ಕೆ ಮೊದಲೇ ಇದು ಪಂಪಾಕ್ಷೇತ್ರ. ‘ಗಿರಿಜಾಕಲ್ಯಾಣ’ವನ್ನು ರಚಿಸಿದ ಹರಿಹರನನ್ನು ಹಂಪೆಯ ಹರಿಹರನೆಂದೇ ಕರೆಯುತ್ತಾರೆ. 1565ರ ಯುದ್ಧದ ತರುವಾಯ ರಾಜಧಾನಿ ಹಾಳಾಯಿತೇ ಹೊರತು ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ. ಆದುದರಿಂದ ಹಂಪೆಯನ್ನು ಬರಿಯ ‘ಹಾಳು ಹಂಪೆ’ ಎನ್ನುವ ರೂಢಿ ಅಷ್ಟು ಸರಿಯಲ್ಲ.

ವಿರೂಪಾಕ್ಷ ದೇವಾಲಯದ ಮಹಾದ್ವಾರದಿಂದ ಮತಂಗ ಪರ್ವತದ ಬುಡದಲ್ಲಿರುವ ಎದುರುಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದಕ್ಕೆ ಹಾಸಿಕೊಂಡಿರುವುದು ತೇರುಬೀದಿ. ಜನರ ಬಾಯಲ್ಲಿ ಅದು ಹಂಪೆ ಬಜಾರು. ಎರಡು ಪಕ್ಕಗಳಲ್ಲಿಯೂ ಕಲ್ಲುಕಂಬದ ಸಾಲುಮಂಟಪಗಳಿವೆ. 1520ರ ಸುಮಾರಿನಲ್ಲಿ ಈ ನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನು, ಯಾತ್ರಿಕರು ಬಹುವಾಗಿ ಸೇರುವ ಗುಡಿಯೊಂದರ ಪೂರ್ವದ್ವಾರದೆದುರಿನ ಸುಂದರವಾದ ಬೀದಿಯನ್ನು ವರ್ಣಿಸಿದ್ದಾನೆ. ಅದು ಈ ಬೀದಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮೊಗಸಾಲೆಗಳುಳ್ಳ ಚೆಲುವಾದ ಮನೆಗಳು ಅಲ್ಲಿದ್ದವೆಂದೂ, ಯಾತ್ರಿಕರು ಅವುಗಳಲ್ಲಿ ತಂಗುತ್ತಿದ್ದರೆಂದೂ, ಸಿರಿವಂತರಿಗೆ ಬೇರೆ ಬಿಡಾರಗಳಿದ್ದುವೆಂದೂ, ದೇವರ ದರ್ಶನಕ್ಕೆ ಬಂದಾಗ ಇಳಿದುಕೊಳ್ಳಲು ಅರಸನದೇ ಅರಮನೆಯೊಂದು ಅದೇ ಬೀದಿಯಲ್ಲಿತ್ತೆಂದೂ ಅವನು ಹೇಳುತ್ತಾನೆ. ಅಂದರೆ ಉಣ್ಣುವ, ಮಲಗುವ, ಕೊಳ್ಳುವ, ಮಾರುವ ವ್ಯವಹಾರವು ಆ ಬೀದಿಗೆ ಇತ್ತೀಚೆಗೆ ಅಂಟಿದ ಕಳಂಕವಲ್ಲ, ಅದರ ಹುಟ್ಟುಗುಣ. ಈ ಒಂದು ಸಾಕ್ಷ್ಯವು ನಿವಾಸಿಗಳ ಪಕ್ಷಕ್ಕೆ ಬಹಳ ಬಲವಾದುದು.

ಆದರೆ ಪ್ರತಿಪಕ್ಷದ ಮಾತೂ ಹುರುಳಿಲ್ಲದ್ದಲ್ಲ. ಮಂಟಪಗಳ ಕಂಬಗಳ ನಡುವೆ ಇಟ್ಟಿಗೆಯ ಗೋಡೆ ಎದ್ದಿತ್ತು. ಅಂಗಡಿ, ಊಟದ ಮನೆ, ವಸತಿಗೃಹಗಳು ಒಂದಕ್ಕೊಂದು ಅಂಟಿ ಬೆಳೆದಿದ್ದವು. ಶಿಲ್ಪದ ಮೇಲೆ ಸುಣ್ಣ, ಹೊಗೆ, ಮೊಳೆ ಎಲ್ಲವೂ ಬಿದ್ದಿದ್ದವು. ಐನೂರು ವರ್ಷ ತಾಳಿದ ಕಂಬವು ಇಪ್ಪತ್ತು ವರ್ಷದ ಕಾಂಕ್ರೀಟನ್ನು ತಾಳಲಾರದು. ಇದನ್ನು ತಡೆಯುವುದು ಇಲಾಖೆಯ ಧರ್ಮವೇ ಆಗಿತ್ತು. ಆದರೆ ವರ್ಷಾನುವರ್ಷ ಸುಮ್ಮನಿದ್ದು, ಬೆಳೆಯಗೊಟ್ಟು, ಕೊನೆಗೆ ಒಮ್ಮೆಗೇ ಎರಗಿದ ಕ್ರಮವನ್ನು ಒಪ್ಪುವುದು ಕಷ್ಟ.

2011ರ ಜುಲೈ 29ರಂದು ಯಂತ್ರಗಳು ಬೀದಿಗೆ ಬಂದವು. 300ಕ್ಕೂ ಮಿಕ್ಕ ಕುಟುಂಬಗಳು ಮನೆಯನ್ನೋ ಅಂಗಡಿಯನ್ನೋ ಎರಡನ್ನೂ ಒಟ್ಟಿಗೋ ಕಳೆದುಕೊಂಡವು. ಅನೇಕರಿಗೆ ದುಡಿಮೆಯೂ ನಿದ್ದೆಯೂ ಒಂದೇ ಸೂರಿನಡಿಯಲ್ಲಿತ್ತು. ಸಾಮಾನು ಹೊರಗಿಡಲು ಸಿಕ್ಕ ಸಮಯ ತೀರ ಕಡಿಮೆಯೆಂಬುದು ಅವರ ಅಳಲು. ಮಂಟಪಗಳನ್ನು ಉಳಿಸಲೆಂದು ಬಂದ ಯಂತ್ರಗಳಿಂದ ಮಂಟಪಗಳಿಗೇ ಪೆಟ್ಟು ಬಿತ್ತೆಂಬ ದೂರೂ ಕೇಳಿಬಂತು. ನೆಲೆ ತಪ್ಪಿದವರಿಗೆ ಕೆಲವು ಕಿಲೋಮೀಟರು ದೂರದ ಕಡ್ಡಿರಾಂಪುರದಲ್ಲಿ ನಿವೇಶನ ಕೊಡುವುದೆಂದಾಯಿತು. ನಿವೇಶನ ಸಿಕ್ಕೀತು, ಗುಡಿಯ ಮುಂದೆ ಹೂವು, ಕಾಯಿ, ಕರ್ಪೂರ ಮಾರುವವರಿಗೆ ಕಡ್ಡಿರಾಂಪುರದಲ್ಲಿ ಗಿರಾಕಿ ಎಲ್ಲಿಂದ ಬರಬೇಕು? ಪರಿಹಾರದ ಲೆಕ್ಕದಲ್ಲಿ ಗೋಡೆಗೆ ಬೆಲೆ ಕಟ್ಟಬಹುದು, ಜಾಗದ ಗುಣಕ್ಕೆ ಕಟ್ಟುವುದು ಹೇಗೆಂಬ ಪ್ರಶ್ನೆಗೆ ಯಾವ ಕಾಯಿದೆಯಲ್ಲಿಯೂ ಉತ್ತರವಿಲ್ಲ. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ಕಟ್ಟಡಗಳೂ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇರೆಗೆ 2020ರಲ್ಲಿ ನೆಲಸಮವಾದವು. ಅಲ್ಲಿಯವು ಹೆಚ್ಚಾಗಿ ಪ್ರವಾಸಿಗರ ವಿಶ್ರಾಂತಿಧಾಮಗಳಾದುದರಿಂದ ಆ ಪ್ರಕರಣವನ್ನು ತೇರುಬೀದಿಯದರೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಈ ಸೀಮೆಯ ವಿದ್ಯಾರ್ಥಿಗಳು ಇದನ್ನು ದೂರದೂರಿನ ಕಥೆಯೆಂದು ತಿಳಿಯಬೇಕಾಗಿಲ್ಲ. ಮಧುಗಿರಿಯ ಕೋಟೆ, ಶಿರಾದ ಮಲಿಕ್ ರಿಹಾನ್ ದರ್ಗಾ, ಜುಮ್ಮಾ ಮಸೀದಿ ಇವು ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು. 2010ರ ತಿದ್ದುಪಡಿಯ ಪ್ರಕಾರ ಇಂತಹವುಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಮಧುಗಿರಿಯಲ್ಲಿ ಊರು ಬೆಟ್ಟದ ಬುಡಕ್ಕೇ ಒತ್ತಿಕೊಂಡಿದೆ. ಚನ್ನರಾಯನದುರ್ಗದಲ್ಲಿಯೂ ಕೋಟೆ ಮೇಲೆ, ಊರು ಕೆಳಗೆ. ಮಳೆಗಾಲದಲ್ಲಿ ಸೋರುವ ಮಾಡಿಗೂ ಮೇಲಿನ ಬುರುಜಿಗೂ ಏನು ಸಂಬಂಧವೆಂದು ಇಂತಹ ಊರುಗಳ ಮನೆಯೊಡೆಯನು ಕೇಳಿದರೆ ಅದು ಅವಿವೇಕದ ಪ್ರಶ್ನೆಯಲ್ಲ. ಬುರುಜಿನ ಕಲ್ಲು ಕಿತ್ತು ಮನೆಗೆ ಹಾಕಿಕೊಂಡವರೂ ಹಿಂದೆ ಇದ್ದರೆಂಬುದನ್ನು ಮಾತ್ರ ಅವನು ಮರೆಯಬಾರದು.

ಹಂಪೆಯಲ್ಲಿ ಚೈತ್ರಮಾಸದ ರಥೋತ್ಸವ ಇಂದಿಗೂ ನಡೆಯುತ್ತದೆ. ಸುತ್ತಲಿನ ಹಳ್ಳಿಗಳಿಂದ ಜನ ನೆರೆದು ಹಗ್ಗ ಹಿಡಿಯುತ್ತಾರೆ. ತೇರು ಬರಿದಾದ ಮಂಟಪಗಳ ಎರಡು ಸಾಲಿನ ನಡುವೆ ಹೊರಡುತ್ತದೆ. ಬಂದವರಿಗೆ ನೆರಳು, ನೀರು, ಊಟದ ಏರ್ಪಾಡನ್ನು ಪ್ರತಿಸಲವೂ ಹೊಸದಾಗಿ ಹೂಡಬೇಕಾಗಿದೆ.