ಬಜ್ಪೆಯಿಂದ ದುಬಾಯಿಗೆ: ದೂರವೂ ಗಡಿಯಾರವೂ

ಉಡುಪಿ, ಕಾಪು, ಕಾರ್ಕಳಗಳ ಅನೇಕ ಮನೆಗಳಲ್ಲಿ ಮಗನೋ ಮಗಳೋ ದುಬಾಯಿಯಲ್ಲಿ ಉದ್ಯೋಗದಲ್ಲಿರುವುದುಂಟು. ನಮ್ಮ ಜಿಲ್ಲೆಯಲ್ಲಿ ವಿಮಾನನಿಲ್ದಾಣವಿಲ್ಲದುದರಿಂದ ಅವರು 1951ರಲ್ಲಿ ಆರಂಭವಾದ ಮಂಗಳೂರಿನ ಬಜ್ಪೆ ನಿಲ್ದಾಣವನ್ನು ಆಶ್ರಯಿಸುವರು. ಅಲ್ಲಿಂದ ದುಬಾಯಿಗೆ ನೇರ ವಿಮಾನಸಂಚಾರವು 2006ರಲ್ಲಿ ಮೊದಲಾಯಿತು. ಎರಡು ನಿಲ್ದಾಣಗಳ ನಡುವಣ ನೇರ ದೂರವು ಸುಮಾರು 2,450 ಕಿಲೋಮೀಟರ್. ಪ್ರಯಾಣಕಾಲವು ಸುಮಾರು ಮೂರೂವರೆ ಘಂಟೆ.

ಆದರೆ ಬಜ್ಪೆಯಿಂದ ಬೆಳಿಗ್ಗೆ 8ಕ್ಕೆ ಹೊರಡುವ ವಿಮಾನವು 10ಕ್ಕೇ ದುಬಾಯಿಯನ್ನು ಸೇರುವುದೆಂದು ಟಿಕೇಟಿನಲ್ಲಿ ಕಾಣುವುದು. ಉಳಿದ ಒಂದೂವರೆ ಘಂಟೆ ಎಲ್ಲಿ ಹೋಯಿತು?

ಭೂಮಿಯು 24 ಘಂಟೆಗಳಲ್ಲಿ 360 ಅಂಶ ತಿರುಗುವುದರಿಂದ ಘಂಟೆಯೊಂದಕ್ಕೆ 15 ಅಂಶವಾಯಿತು. ಭಾರತದ ಗಡಿಯಾರಕ್ಕೆ 82½ ಅಂಶದ ಪೂರ್ವ ರೇಖಾಂಶವು ಆಧಾರ; ದುಬಾಯಿಯ ಗಡಿಯಾರವು 60 ಅಂಶದ ರೇಖಾಂಶಕ್ಕೆ ಸರಿಹೊಂದುವುದು. ಇವುಗಳ ಅಂತರವು 22½ ಅಂಶ, ಅಂದರೆ ಒಂದೂವರೆ ಘಂಟೆ. ಟಿಕೇಟಿನಲ್ಲಿ ಹೊರಡುವ ಹೊತ್ತನ್ನೂ ತಲಪುವ ಹೊತ್ತನ್ನೂ ಆಯಾ ಊರಿನ ಗಡಿಯಾರದಂತೆಯೇ ಬರೆಯುವರು. ಆದುದರಿಂದ ಹೋಗುವಾಗ ಒಂದೂವರೆ ಘಂಟೆಯನ್ನು ಕಳೆಯಬೇಕು, ಬರುವಾಗ ಕೂಡಿಸಬೇಕು.

ಈ ಲೆಕ್ಕವು ಹೆತ್ತವರಿಗೂ ಅವಶ್ಯವಾದುದು. ದುಬಾಯಿಯಿಂದ 11ನೆಯ ತಾರೀಕು ರಾತ್ರಿ 10ಕ್ಕೆ ಹೊರಟ ಮಗಳು ಬಜ್ಪೆಯಲ್ಲಿ ಇಳಿಯುವುದು 12ನೆಯ ತಾರೀಕು ಬೆಳಗಿನ ಜಾವ 3ಕ್ಕೆ. 12 ಎಂಬ ಅಂಕೆಯನ್ನು ಮಾತ್ರ ನೋಡಿ ಆ ದಿನ ರಾತ್ರಿ ಕಾರ್ಕಳದಿಂದ ಹೊರಟರೆ ದಿನವೊಂದು ತಪ್ಪಿತು. ಮಗಳು ನಡುರಾತ್ರಿ ಒಬ್ಬಳೇ ಕಾದು ನಿಂತಿರಬೇಕಾದೀತು. ಹೊರಡಬೇಕಾದುದು 11ರ ರಾತ್ರಿಯೇ. ಊರು, ತಾರೀಕು, ಹೊತ್ತು ಈ ಮೂರನ್ನೂ ಒಟ್ಟಾಗಿ ಓದಿಕೊಳ್ಳುವುದೇ ಕ್ಷೇಮ.