ಬೀಗರ ಮನೆಯಲ್ಲ

ಅಕ್ಕ ಶಾರ್ಜಾದ ನಮ್ಮ ಮನೆಗೆ ಹೊರಡಲು ನಾಲ್ಕು ದಿನವಿದ್ದಾಗ ಅವಳಿಗೆ ಅಡ್ಡಹೆಸರಿಲ್ಲದ್ದೇ ದೊಡ್ಡ ತೊಡಕಾಯಿತು. 2022ರ ನವೆಂಬರ್ ಮೂರನೇ ವಾರ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರನ್ನು ಸಂದರ್ಶಕ ವೀಸಾದ ಮೇಲೆ ಯುಎಇ ಒಳಗೆ ಬಿಡುವುದಿಲ್ಲವೆಂದು ಸುತ್ತೋಲೆ ಬಂತು. ಬೀದರ್ ಜಿಲ್ಲೆಯ ನಮ್ಮೂರು ಮಂಠಾಳದಲ್ಲಿ ನಮ್ಮಂಥವರ ಮನೆಯ ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ಬರೆಸಿದ್ದು ತಮ್ಮ ಹೆಸರು, ಅಪ್ಪನ ಹೆಸರು, ಮುಗಿಯಿತು. ಪಾಸ್‌ಪೋರ್ಟ್‌ನ ಅಡ್ಡಹೆಸರಿನ ಖಾನೆ ಖಾಲಿ ಉಳಿದಿತ್ತು. ಟಿಕೆಟ್ ದುಡ್ಡು ಹೋಯಿತೆಂದು ನಾನು ಕೂತಿರುವಾಗ, ಅದೇ ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿದ್ದರೆ ನಡೆಯುತ್ತದೆ ಎಂಬ ಸ್ಪಷ್ಟೀಕರಣ ಬಂತು. ತೀರಿಹೋದ ಅಪ್ಪ ಮಗಳನ್ನು ವಿಮಾನ ಹತ್ತಿಸಿದ. ಟಿಕೆಟ್‌ಗೂ ಮೊದಲು ಪಾಸ್‌ಪೋರ್ಟನ್ನು ಅಕ್ಷರ ಅಕ್ಷರ ಓದಬೇಕೆಂದು ಈಗ ಯಾರು ಕೇಳಿದರೂ ಹೇಳುತ್ತೇನೆ.

ಮುಂದಿನ ಗಾಬರಿ ಗಸಗಸೆಯದು. ಹುಗ್ಗಿಗೆ ಇರಲೆಂದು ಪಾವು ಕಿಲೊ ಕಟ್ಟಿಕೊಂಡಿದ್ದಳು. ಇಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಸಿಕ್ಕರೆ ಜೈಲು. ಎಲೆ-ಅಡಿಕೆಯೂ ಬೇಡ ಎಂದೆ. "ಗಸಗಸಿಗಿ ಜೇಲಾ?" ಎಂದು ನಕ್ಕು ತೆಗೆದಿಟ್ಟಳು. ಜೋಳದ ಹಿಟ್ಟು, ಶೇಂಗಾ ಹಿಂಡಿ, ತೊಗರಿಬೇಳೆ ಮಾತ್ರ ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿನಿಂದ ಹಾರಿಬಂದವು.

ನಾನು ನಾಲ್ಕು ವಾರಕ್ಕೆ ಪಟ್ಟಿ ಮಾಡಿಟ್ಟಿದ್ದೆ. ಮೊದಲ ಶನಿವಾರವೇ ಬುರ್ಜ್ ಖಲೀಫಾ. 828 ಮೀಟರ್ ಎಂದು ನಾನು ಬಾಯಿಪಾಠ ಒಪ್ಪಿಸಿದರೆ, ಅವಳು ಟಿಕೆಟ್ಟಿನ ದಿರ್ಹಮನ್ನು 22ರಿಂದ ಗುಣಿಸುತ್ತಿದ್ದಳು. ಮೆಟ್ರೊದಲ್ಲಿ ಶೇಂಗಾ ಉಂಡಿಯ ಗಂಟು ಬಿಚ್ಚಿದಾಗ, ಇಲ್ಲಿ ತಿಂದರೆ 100 ದಿರ್ಹಮ್ ದಂಡ ಎಂದೆ. ಮತ್ತೆ ಗುಣಾಕಾರ; ಗಂಟು ತಾನೇ ಕಟ್ಟಿಕೊಂಡಿತು. ಅವಳಿಗೆ ಹಿಡಿಸಿದ್ದು ಒಂದು ದಿರ್ಹಮಿಗೆ ದುಬೈ ಕ್ರೀಕ್ ದಾಟಿಸುವ ಅಬ್ರಾ ದೋಣಿ. ಎರಡು ಸಲ ಹೋಗಿಬಂದಳು.

ಉಳಿದ ದಿನ ನಾವು ಗಂಡ-ಹೆಂಡತಿ ಬೆಳಗ್ಗೆ ಏಳಕ್ಕೆ ಹೊರಟರೆ ದುಬೈ ರಸ್ತೆಯ ಗದ್ದಲ ಮುಗಿಸಿ ಬರುವುದು ರಾತ್ರಿ ಎಂಟಕ್ಕೆ. ಅಕ್ಕ ಹನ್ನೊಂದನೇ ಮಹಡಿಯಲ್ಲಿ ಒಬ್ಬಳೇ. ನಾವು ಬಂದ ಮೇಲೂ ಅವಳಿಗೆ ಪಾತ್ರೆ ಮುಟ್ಟಗೊಡುತ್ತಿರಲಿಲ್ಲ. "ಅಕ್ಕಾ, ನೀ ಸುಮ್ನ ಕೂಡು" ಎನ್ನುವುದೇ ಪ್ರೀತಿ ಎಂದುಕೊಂಡಿದ್ದೆ. ಆರನೇ ದಿನ ಊಟಕ್ಕೆ ಕರೆದರೆ ಏಳಲಿಲ್ಲ. "ನಾ ಏನ್ ಬೀಗರ ಮನಿಗಿ ಬಂದೀನೇನೋ? ಕೂಡು ಅಂದ್ರ ಕೂಡ್ಬೇಕು, ಉಣ್ಣು ಅಂದ್ರ ಉಣ್ಬೇಕು?" ಅವ್ವ ಹೋದ ಮೇಲೆ ನನಗೆ ಉಣ್ಣಿಸಿ ಬೆಳೆಸಿದವಳು. ಏನೂ ಮಾತಾಡದೆ ಅಡುಗೆಮನೆಯಿಂದ ಸರಿದು ನಿಂತೆ.

ಮರುದಿನದಿಂದ ರೊಟ್ಟಿ ಶುರುವಾಯಿತು. ನಾವು ಇಲ್ಲಿನ ಅಂಗಡಿಯಿಂದ ತರುವ ಹಿಟ್ಟನ್ನು ಬೆರಳಲ್ಲಿ ಉಜ್ಜಿ, "ಇದಕ್ಕ ಜಿಗಿ ಇಲ್ಲ" ಎಂದಳು. ಬೀಸಿ ತಿಂಗಳಾದ ಹಿಟ್ಟು ಬಡಿದರೆ ಅಂಚು ಒಡೆಯುತ್ತದೆ. ಅದಕ್ಕೆ ಎಸರು ಕುದಿಸಿ ಹಾಕಿ, ಬಿಸಿಯಲ್ಲೇ ನಾದಿ, ತಾನು ತಂದ ಹಿಟ್ಟು ಒಂದಿಷ್ಟು ಬೆರೆಸಿದಳು. ಬಾಡಿಗೆ ಮನೆಯ ಕಟ್ಟೆಯ ಮೇಲೆ ಬಡಿದ ಸದ್ದು ಕಾರಿಡಾರ್ ತುಂಬಿರಬೇಕು. ಬಾಗಿಲು ಬಡಿದವಳು ಉದಗೀರದ ಹೆಂಗಸು. ಭಾಕರಿ ಸಪ್ಪಳ ಗುರುತು ಹಿಡಿದು ಬಂದಿದ್ದಳು. ಉದಗೀರ ಅಂದರೆ ನಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗುವ ಊರು. ನಾಲ್ಕು ವರ್ಷ ಒಂದೇ ಲಿಫ್ಟಿನಲ್ಲಿ ಹತ್ತಿ ಇಳಿದರೂ ನನಗದು ಗೊತ್ತಿರಲಿಲ್ಲ.

ಅಕ್ಕನಿಗೆ ಭಾಷೆ ಬರುವುದಿಲ್ಲ, ದಾರಿ ತಪ್ಪುತ್ತಾಳೆ ಎಂದು ನಾನು ಮನೆ ವಿಳಾಸ ಬರೆದ ಚೀಟಿ ಕೊಟ್ಟಿದ್ದೆ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು ಎಂದು ಪುಸ್ತಕದಲ್ಲಿ ಓದಿದವನು ನಾನು. ಅದರ ಫಲ ಇದ್ದದ್ದು ಅವಳ ನಾಲಿಗೆಯ ಮೇಲೆ. ಬಸವಕಲ್ಯಾಣದ ಸಂತೆಯಲ್ಲಿ ಕಲಿತ ದಖನಿಯಲ್ಲಿ ಎದುರುಮನೆಯ ಹೈದರಾಬಾದಿ ಆಪಾ ಜೊತೆ ಮಾತು, ಉದಗೀರದಾಕೆಯ ಜೊತೆ ಮರಾಠಿ, ಪಾಕಿಸ್ತಾನಿ ಟ್ಯಾಕ್ಸಿ ಚಾಲಕನಿಗೆ ಅವನ ಮಕ್ಕಳ ಓದಿನ ವಿಚಾರಣೆ. ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಹೇಳಿ ಸುಮ್ಮನಾಗುತ್ತಿದ್ದ ನಾನೇ ಆ ಮಹಡಿಯಲ್ಲಿ ಪರದೇಶಿ. ಮೂರನೇ ವಾರಕ್ಕೆ ಪಟ್ಟಿ ಹರಿದುಹಾಕಿ ಎರಡು ದಿನ ರಜೆ ಹಾಕಿದೆ. ಎಲ್ಲಿಗೂ ಹೋಗಲಿಲ್ಲ. ಹೊಲದ ಪಾಲು, ಅಪ್ಪನ ಸಾಲ, ಅವಳು ಶಾಲೆ ಬಿಟ್ಟ ವರ್ಷ, ಫೋನಿನಲ್ಲಿ ಎಂದೂ ಬಾರದ ಮಾತುಗಳೆಲ್ಲ ಬಂದವು. ಒಂದೆರಡಕ್ಕೆ ಜಗಳವೂ ಆಯಿತು.

ಇನ್ನೊಂದು ವಾರ ಇರು ಎಂದರೆ ಕೇಳಲಿಲ್ಲ. ಡಿಸೆಂಬರ್ 23ಕ್ಕೆ ಎಳ್ಳಮಾವಾಸ್ಯೆ, ಹೊಲಕ್ಕೆ ಚರಗ ಚೆಲ್ಲಬೇಕು, ಭಜ್ಜಿ ಮಾಡುವವರು ಯಾರು?

ಆ ಶುಕ್ರವಾರ ಹೊಲದಿಂದಲೇ ವಿಡಿಯೊ ಕರೆ ಬಂತು. ಹಿಂದೆ ಜೋಳದ ದಂಟು, ಗಡಿಗೆಯಲ್ಲಿ ಅಂಬಲಿ, ಗಾಳಿಯ ಸದ್ದು. "ಅಕ್ಕಾ, ಉಂಡ್ರ್ಯಾ?" ಎಂದು ನಾನಿನ್ನೂ ಕೇಳುತ್ತಿದ್ದೆ.

"ಅದೆಲ್ಲಾ ಇರ್ಲಿ. ಉದಗೀರದಾಕಿ ಮನ್ಯಾಗ ಅದಾಳೇನು? ಫೋನ್ ಅಕಿಗಿ ಕೊಡು."