ಚೊಂಬು ಹೊಳೆಯಬೇಕೇ? ಕಾಗದ ಬಿಡಿ

ದೇವನಹಳ್ಳಿಯಲ್ಲಿ ಜಲವರ್ಣ ಶುರು ಮಾಡುವವರು ನೇರ ಕೋಟೆಯ ಮುಂದೆ ಹೋಗಿ ಕೂರುತ್ತಾರೆ. ಕಲ್ಲು ಎಣಿಸುವುದರಲ್ಲೇ ಸುಸ್ತಾಗಿ ಮನೆಗೆ ಬರುತ್ತಾರೆ. ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಅಡುಗೆಮನೆಯಿಂದ ಒಂದು ಹಿತ್ತಾಳೆ ಚೊಂಬು ತಂದಿಡಿ, ಪಕ್ಕದಲ್ಲಿ ಹೆಚ್ಚಿದ ಅರ್ಧ ಚಕ್ಕೋತ. ಜಿಐ ಮಾನ್ಯತೆ ಪಡೆದ ಈ ಊರಿನ ಹಣ್ಣಿಗೆ ಚಿತ್ರದಲ್ಲೂ ಒಂದು ಜಾಗವಿರಲಿ.

ಕಾಗದ 300 ಜಿಎಸ್‌ಎಂ ಇರಬೇಕು. ಇದರಲ್ಲಿ ಮಾತ್ರ ಜಿಪುಣತನ ಬೇಡ. ತೆಳು ಹಾಳೆ ನೀರು ಕುಡಿದು ಹಪ್ಪಳದಂತೆ ಸೆಟೆಯುತ್ತದೆ. 8 ಮತ್ತು 3ನೇ ನಂಬರಿನ ದುಂಡು ಕುಂಚ, ಎರಡು ಲೋಟ ನೀರು, ಹಳೇ ಹತ್ತಿಬಟ್ಟೆ ಸಾಕು. ಟ್ಯೂಬ್‌ಲೈಟ್ ಆರಿಸಿ, ಬೆಳಕು ಒಂದೇ ಕಿಟಕಿಯಿಂದ ಬೀಳಲಿ.

ಪೆನ್ಸಿಲ್ಲಿನಲ್ಲಿ ಹಗುರವಾಗಿ ಗೆರೆ ಎಳೆಯಿರಿ. ಚೊಂಬಿನ ಬಾಯಿ ಅಂಡಾಕಾರ, ತಳವೂ ಹಾಗೆಯೇ ಬಾಗಿರುತ್ತದೆ. ತಳವನ್ನು ನೇರ ಗೆರೆ ಮಾಡಿದರೆ ಚೊಂಬು ಗಾಳಿಯಲ್ಲಿ ತೇಲುತ್ತದೆ.

ಈಗ ಕಣ್ಣು ಅರ್ಧ ಮುಚ್ಚಿ ನೋಡಿ. ಎಲ್ಲಕ್ಕಿಂತ ಹೊಳೆಯುವ ಚುಕ್ಕೆ ಎಲ್ಲಿದೆಯೋ ಅಲ್ಲಿ ಕುಂಚ ಸೋಕಿಸಬೇಡಿ. ಜಲವರ್ಣದಲ್ಲಿ ಬಿಳಿ ಎಂದರೆ ಬಿಟ್ಟ ಕಾಗದ. ಚಕ್ಕೋತದ ದಪ್ಪ ಬಿಳಿ ಸಿಪ್ಪೆಯೂ ಬಹುಮಟ್ಟಿಗೆ ಕಾಗದವೇ. ಅಂಚಿಗೆ ತೆಳುವಾದ ಹಳದಿ, ಒಳಗಿನ ತೊಳೆಗಳಿಗೆ ನೀರು ಹೆಚ್ಚಿದ ಕ್ರಿಮ್ಸನ್. ಹಣ್ಣನ್ನೇ ಮೊದಲು ಮುಗಿಸಿ, ಹೆಚ್ಚಿಟ್ಟ ತೊಳೆ ಬೇಗ ಬಾಡುತ್ತದೆ.

ಚೊಂಬಿಗೆ ಎಲ್ಲೋ ಆಕರ್ ಬಳಿದು, ಹಸಿ ಇರುವಾಗಲೇ ನೆರಳಿನ ಕಡೆಗೆ ಬರ್ನ್ಟ್ ಸಿಯೆನ್ನಾ ತಾಗಿಸಿ. ಬಣ್ಣ ತಾನೇ ಹರಡಲಿ, ನೀವು ಕೈ ಕಟ್ಟಿ ಕೂತಿರಿ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಒಂದು ಬದಿ ಬಳಿಯುವಷ್ಟರಲ್ಲಿ ಇನ್ನೊಂದು ಒಣಗಿ ಕಲೆ ಕಟ್ಟುತ್ತದೆ. ಫ್ಯಾನ್ ಆರಿಸಿ, ಬೆಳಗ್ಗೆಯೇ ಕೂರಿ. ಪೂರ್ತಿ ಒಣಗಿದ ಮೇಲೆ ಎರಡನೇ ಪದರ. ಅರೆಬರೆ ಒಣಗಿದ್ದಾಗ ತಿದ್ದಲು ಹೋದರೆ ಹೂಕೋಸಿನಂಥ ಗುರುತು ಮೂಡುತ್ತದೆ. ನೆರಳಿಗೆ ಕಪ್ಪು ಟ್ಯೂಬ್ ಬೇಡ, ಅದು ಮಸಿ ಮೆತ್ತಿದಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಒಳ್ಳೆಯ ಬೂದು ಸಿಗುತ್ತದೆ.

ಒಣಗಿದಾಗ ಬಣ್ಣ ತಿಳಿಯಾಗುತ್ತದೆ, ಹಾಗಾಗಿ ಕೊಂಚ ಗಾಢವಾಗಿಯೇ ಹಚ್ಚಿ. ಊಟಿಯ ಭೂದೃಶ್ಯಗಳನ್ನು ಜಲವರ್ಣದಲ್ಲಿ ಬರೆದ ಕೆ. ವೆಂಕಟಪ್ಪನವರ (1886–1965) ಚಿತ್ರಗಳನ್ನು ನೋಡುವ ಅವಕಾಶ ಸಿಕ್ಕರೆ, ಅವರು ಎಲ್ಲೆಲ್ಲಿ ಬಣ್ಣ ತೆಳು ಮಾಡಿದ್ದಾರೆ ಎಂದು ಹತ್ತಿರದಿಂದ ಗಮನಿಸಿ.

ಕುಂಚದ ನೀರು ಸಿಡಿಯದಿದ್ದರೆ ಚಕ್ಕೋತವನ್ನು ಅಂದೇ ತಿಂದುಬಿಡಿ. ನಾಳೆ ಚಿತ್ರ ಬರೆಯಲು ಹಿಟ್ಟಿನ ಡಬ್ಬಿ ಇದೆ.